ರೇಷ್ಮೆ ಸತ್ತ ವರ್ಷ

ರೈಲ್ವೆ ಕ್ವಾರ್ಟರ್ಸ್, ಥುಂಗ್ ಸೋಂಗ್
ಜನವರಿ ೧೬, ೧೯೮೪

ಸಿಯಾವ್ ಥೋಂಗ್ಸಿಗೆ,

ಲಮುನ್ ಬರೆಯುವುದು. ಈ ಹಾಳೆಯನ್ನು ಅವ್ವನಿಗೆ ಓದಿ ಹೇಳಬೇಡ. ಅವಳಿಗೆ ಬರೆದದ್ದು ನೀಲಿ ಹಾಳೆಯಲ್ಲಿದೆ, ಅದನ್ನು ಓದು. ಇದು ನಿನಗೆ.

ನಿನ್ನೆ ಭಾನುವಾರ ಬೆಳಿಗ್ಗೆ ಮೀನು ಉಜ್ಜುತ್ತಾ ಕೂತಿದ್ದೆ. ರೇಡಿಯೋದಲ್ಲಿ ‘ನಮ್ಮೂರ ನೆನಪು’ ಬರುತ್ತಿತ್ತು. ಯಾರೋ ಬರೆದ ಕಾಗದವನ್ನು ಆ ಹೆಂಗಸು ಓದುತ್ತಿದ್ದಳು: “ನಾನು ಹುಟ್ಟಿದ ವರ್ಷ ನನ್ನ ಅವ್ವನ ರೇಷ್ಮೆಹುಳ ಎಲ್ಲ ಸತ್ತವು. ಹಾಲಿಳಿಯಲೆಂದು ಅವಳು ಬಾಣಂತಿ ಬೆಂಕಿಯ ಮಗ್ಗುಲಲ್ಲಿ ಮಲಗಿದಳು, ಹೊಗೆಗೆ ಹುಳ ಉಳಿಯಲಿಲ್ಲ. ಊರವರು ಮಗುವಿನ ಕಾಲ್ಗುಣ ಎಂದರು. ಅವ್ವ ಮಾತ್ರ, ಹುಳ ಮುಂದಿನ ವರ್ಷವೂ ಬರುತ್ತೆ, ಹಾಲು ಬರಲ್ಲ ಎಂದಳು.” ಮೀನು ಬಿಟ್ಟು ರೇಡಿಯೋದ ದನಿ ಏರಿಸಿದೆ. ಕೊನೆಯಲ್ಲಿ ಹೆಸರು ಓದಿದಳು. ಬಾನ್ ಸುವನ್ ಮೊನ್ ಹಳ್ಳಿಯ ಥೋಂಗ್ಸಿ. ಈ ವಾರದ ಬಹುಮಾನ, ಹೆಸರು ಬರೆಸಿದ ಒಂದು ಫ್ಲಾಸ್ಕ್.

ರೇಷ್ಮೆ ಸತ್ತದ್ದು ನಮ್ಮ ಮನೆಯಲ್ಲಿ, ನಿನ್ನಜ್ಜಿಯ ಮನೆಯಲ್ಲಲ್ಲ. ಹುಟ್ಟಿದ್ದು ನಾನು. ಆ ಮಾತು ಕೇಳಿಸಿಕೊಂಡು ಬೆಳೆದವಳೂ ನಾನೇ. ನಾನು ಬೀದಿಯಲ್ಲಿ ಎದುರಾದರೆ ನೇಯಲು ಕೂತ ಹೆಂಗಸರು “ಬಂದ್ಲು ನೋಡು, ಹುಳ ನುಂಗಿದೋಳು” ಎನ್ನುತ್ತಿದ್ದರು. ನೀನು ಪಕ್ಕದಲ್ಲೇ ಇರುತ್ತಿದ್ದೆ, ನಿನಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೂವತ್ತಾರು ವರ್ಷ ಆ ಮಸಿಯನ್ನು ಮುಖಕ್ಕೆ ಬಳಿದುಕೊಂಡವಳು ನಾನು, ರೇಡಿಯೋದಲ್ಲಿ ಹೊಗಳಿಸಿಕೊಳ್ಳುವವಳು ನೀನು.

ಇನ್ನೊಂದು. “ಹಾಲು ಬರಲ್ಲ” ಎಂಬ ಮಾತನ್ನು ಅವ್ವ ನನಗೆ ಒಂದು ದಿನವೂ ಹೇಳಿಲ್ಲ. ಹೇಳಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ನಿನಗೆ ಯಾವಾಗ ಹೇಳಿದಳು? ಯಾಕೆ ಹೇಳಿದಳು?

ಲಮುನ್

•

ಬಾನ್ ಸುವನ್ ಮೊನ್
ಫೆಬ್ರವರಿ ೨೦, ೧೯೮೪

ಸಿಯಾವ್ ಲಮುನ್‌ಗೆ,

ಕಾಗದ ಸೇರಿತು. ಅವ್ವ ಚೆನ್ನಾಗಿದ್ದಾಳೆ. ಮಂಡಿ ನೋವಿದೆ, ನೀನು ಕಳಿಸಿದ ಎಣ್ಣೆ ತಿಕ್ಕುತ್ತಿದ್ದೇನೆ. ನೀಲಿ ಹಾಳೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡಳು.

ರೇಡಿಯೋದವರು ಉದ್ದದ ಕಾಗದವನ್ನು ಮೊಟಕು ಮಾಡುತ್ತಾರೆ. ನಾನು ಏನು ಬರೆದೆ, ಅವರು ಏನು ಓದಿದರು, ಈಗ ನೆನಪಿಲ್ಲ. ಫ್ಲಾಸ್ಕ್ ಬಂದಿದೆ. ಕೆಂಪು ಬಣ್ಣದ್ದು. ಅವ್ವನಿಗೆ ಹೊತ್ತು ಹೊತ್ತಿಗೆ ಬಿಸಿನೀರು ಕೊಡಲು ಅನುಕೂಲವಾಗಿದೆ.

ಹಿಪ್ಪುನೇರಳೆ ಈ ಸಲ ಬೇಗ ಚಿಗುರಿದೆ. ಹುಳ ಎರಡನೇ ಜ್ವರ ಎದ್ದಿವೆ, ಪೊರೆ ಬಿಟ್ಟು ಮತ್ತೆ ತಿನ್ನುತ್ತಿವೆ. ದಿನಕ್ಕೆ ಐದು ಸಲ ಸೊಪ್ಪು ಕೊಯ್ಯಬೇಕು, ಕೂತು ಬರೆಯಲು ಪುರುಸೊತ್ತಿಲ್ಲ. ನಿನಗಾದರೆ ನಲ್ಲಿಯಲ್ಲಿ ನೀರು ಬರುತ್ತದೆ.

ಥೋಂಗ್ಸಿ

•

ಥುಂಗ್ ಸೋಂಗ್
ಮಾರ್ಚ್ ೧೮, ೧೯೮೪

ಥೋಂಗ್ಸಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಿದ್ದು ಒಂದು, ನೀನು ನನ್ನ ನಲ್ಲಿಯ ಸುದ್ದಿಗೆ ಹೋದೆ.

ನಿನ್ನ ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದೇನೆ. ನಿನ್ನ ಗಂಡ ತೀರಿಕೊಂಡು ನೀನು ನಮ್ಮ ಮನೆಗೆ ಬಂದ ವರ್ಷ “ಪೆಂಗವ್ವ ಚೆನ್ನಾಗಿದ್ದಾಳೆ” ಎಂದು ಬರೆಯುತ್ತಿದ್ದೆ. ಚಿಕ್ಕಂದಿನಲ್ಲೂ ಹಾಗೇ ಕರೆಯುತ್ತಿದ್ದೆ, ಪೆಂಗವ್ವ. ಈಗೆರಡು ವರ್ಷದಿಂದ ಬರೀ ಅವ್ವ. ಅವಳ ಹೆಸರಿನ ಪೆಂಗ್ ಎಲ್ಲಿ ಬಿದ್ದುಹೋಯಿತು?

ನಿನಗೆ ನೆನಪಿದೆಯೋ ಇಲ್ಲವೋ, ನಮಗಿಬ್ಬರಿಗೂ ಒಂಬತ್ತಾದಾಗ ಹಿರಿಯರು ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ಸಿಯಾವ್ ಮಾಡಿದರು, ಸಾಯುವ ತನಕದ ಗೆಳತಿಯರು ಅಂತ. ಇವತ್ತಿನಿಂದ ಇವಳ ಅನ್ನ ನಿನ್ನ ಅನ್ನ, ಇವಳ ಅವ್ವ ನಿನ್ನ ಅವ್ವ ಎಂದರು. ನನಗೆ ಆಗಲೇ ಅನ್ನಿಸಿತ್ತು, ಇದರಲ್ಲಿ ನನಗೇನು ಸಿಕ್ಕಿತು ಅಂತ. ನಿನಗೆ ಅವ್ವ ಇರಲಿಲ್ಲ, ನಿನ್ನಜ್ಜಿ ಒಬ್ಬಳಿದ್ದಳು, ಅವಳಿಗೆ ಹಲ್ಲಿರಲಿಲ್ಲ, ಬೈಗುಳ ಇತ್ತು. ನಾನು ಕೊಟ್ಟದ್ದು ಅವ್ವನನ್ನು, ಪಡೆದದ್ದು ಆ ಮುದುಕಿಯನ್ನು.

ಅವ್ವ ಗೂಡು ಬೇಯಿಸಿ ನೂಲು ಬಿಚ್ಚುವಾಗ ಇಬ್ಬರೂ ಮಡಕೆಯ ಪಕ್ಕ ಕಾಯುತ್ತಿದ್ದೆವು. ನೂಲೆಲ್ಲ ಬಂದ ಮೇಲೆ ಉಳಿದ ಬೆಂದ ಹುಳವನ್ನು ಅವ್ವ ಬಾಳೆಲೆಯ ಚೂರಿನಲ್ಲಿ ಹಾಕಿಕೊಡುತ್ತಿದ್ದಳು. ಮೊದಲು ನಿನಗೆ, ಆಮೇಲೆ ನನಗೆ. ನಾನು ಎಣಿಸುತ್ತಿದ್ದೆ. ನಿನಗೆ ಹನ್ನೊಂದು, ನನಗೆ ಎಂಟು. ಒಂದು ಸಲ ಕೇಳಿಯೇಬಿಟ್ಟೆ. “ಅವಳು ಸಣ್ಣೋಳು ಕಣೆ” ಎಂದಳು. ನೀನು ನನಗಿಂತ ಸಣ್ಣವಳಾದದ್ದು ಆರು ದಿನಕ್ಕೆ. ಆರು ದಿನಕ್ಕೆ ಮೂರು ಹುಳ ಹೆಚ್ಚೇ?

ಹೊಟ್ಟೆಕಿಚ್ಚು ಅನ್ನುವುದಾದರೆ ಅನ್ನು. ಇದೆ. ನಾನು ರೈಲಿನವನನ್ನು ಕಟ್ಟಿಕೊಂಡು ಎರಡು ದಿನದ ದಾರಿ ದೂರ ಬಂದೆ, ಮನೆಮಗಳು ಮಾಡಬೇಕಾದ್ದನ್ನು ನೀನು ಮಾಡುತ್ತಿದ್ದೀಯ, ಗೊತ್ತು. ಊರವರು ಅದನ್ನೂ ಹೇಳುತ್ತಿರುತ್ತಾರೆ. ಆದರೆ ಅವ್ವನಿಗೆ ಓದಲು ಬಾರದು, ನಾನು ಬರೆದ ಮಾತೂ ನಿನ್ನ ಬಾಯಿಂದಲೇ ಅವಳಿಗೆ ಹೋಗಬೇಕು. ಮಗಳ ದನಿ ಅಂದರೆ ಅವಳಿಗೆ ನಿನ್ನ ದನಿ. ಇಷ್ಟೆಲ್ಲ ಇದ್ದೂ ನಿನಗೆ ಸಾಲದಾಯಿತು, ನನ್ನ ಹುಟ್ಟನ್ನೂ ಎತ್ತಿಕೊಂಡೆ.

ಆ ಫ್ಲಾಸ್ಕ್ ನನ್ನದು. ಕಳಿಸಿಕೊಡು. ಮತ್ತು ಆ ಮಾತನ್ನು ಅವ್ವ ಯಾವಾಗ, ಹೇಗೆ ಹೇಳಿದಳು ಅಂತ ಬರಿ. ಬರೆಯದಿದ್ದರೆ ನಾನೇ ಬಂದು ಅವಳನ್ನು ಕೇಳುತ್ತೇನೆ.

ಲಮುನ್

•

ಬಾನ್ ಸುವನ್ ಮೊನ್
ಮೇ ೬, ೧೯೮೪

ಸಿಯಾವ್,

ನಿನ್ನ ಕಾಗದ ಬಂದು ಐದು ವಾರವಾಯಿತು. ಮೂರು ಸಲ ಬರೆದು ಒಲೆಗೆ ಹಾಕಿದೆ. ಇದನ್ನು ಹಾಕುವುದಿಲ್ಲ.

ಅವ್ವ ಚೆನ್ನಾಗಿಲ್ಲ. ಮೈ ಗಟ್ಟಿಯಿದೆ, ಅಂಟಕ್ಕಿ ಅನ್ನ ಒಂದು ಮುಷ್ಟಿ ಹೆಚ್ಚೇ ತಿನ್ನುತ್ತಾಳೆ. ಜನರ ಗುರುತು ತಪ್ಪಿದೆ.

ಶುರುವಾದದ್ದು ನಿನ್ನ ಕಾಗದದಿಂದಲೇ. ಎರಡು ವರ್ಷದ ಹಿಂದೆ ಒಂದು ಸಂಜೆ ಓದುತ್ತಿದ್ದೆ, “ಅವ್ವಾ, ನಾನು ಚೆನ್ನಾಗಿದ್ದೇನೆ, ನಿನ್ನ ಮಂಡಿಗೆ ಎಣ್ಣೆ ಕಳಿಸಿದ್ದೇನೆ” ಅಂತ. ಅವಳು ನನ್ನ ಕೆನ್ನೆ ಮುಟ್ಟಿ, “ಅಷ್ಟು ದೂರದಿಂದ ಯಾವಾಗ ಬಂದ್ಯೆ ಲಮುನ್? ಊಟ ಆಯ್ತಾ?” ಎಂದಳು. ನಾನು ನಕ್ಕೆ. ಮುಂದಿನ ಕಾಗದಕ್ಕೂ ಹಾಗೇ ಆಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಕಾಗದ ಇಲ್ಲದಿದ್ದರೂ ನಾನು ಲಮುನ್.

ನಾನು ನಿಜ ಹೇಳಲಿಲ್ಲ ಅಂತಲ್ಲ. “ನಾನು ಥೋಂಗ್ಸಿ ಕಣವ್ವಾ” ಎಂದರೆ, “ಹಂಗಾದ್ರೆ ನನ್ನ ಮಗಳೆಲ್ಲಿ?” ಎಂದು ಮೆಟ್ಟಿಲಿಳಿದು ಕೆರೆಯ ಕಡೆ ಹೊರಟುಬಿಡುತ್ತಾಳೆ. ಎರಡು ಸಲ ಹಿಡಿದು ತಂದೆ. ಆಮೇಲೆ ಹೇಳುವುದು ಬಿಟ್ಟೆ. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಮಗಳೇ ಅಂತ ಕರೆಸಿಕೊಳ್ಳುವುದು ನನಗೆ ಬೇಕಾಗಿತ್ತು. ಹುಟ್ಟಿದ ದಿನವೇ ಹೆತ್ತವಳನ್ನು ಕಳೆದುಕೊಂಡವಳು ನಾನು. ಯಾರು ಬಿಡುತ್ತಾರೆ ಹೇಳು.

ಹುಳ ಸತ್ತ ಮಾತನ್ನು ಅವಳು ಹೇಳಿದ್ದು ಹೋದ ವರ್ಷ, ಸೊಪ್ಪು ಹೆಚ್ಚುತ್ತಾ, ನನ್ನನ್ನು ನೀನು ಅಂದುಕೊಂಡು. “ಲಮುನ್, ಊರವರ ಮಾತು ಮನಸ್ಸಿಗೆ ಹಚ್ಕೋಬೇಡ. ಹುಳ ಮುಂದಿನ ವರ್ಷನೂ ಬರುತ್ತೆ, ಹಾಲು ಬರಲ್ಲ” ಎಂದಳು. ನಾನು ಅದನ್ನು ನಿನಗೆ ಬರೆಯಬೇಕಿತ್ತು. ಅವತ್ತೇ ಬರೆಯಬೇಕಿತ್ತು. ರೇಡಿಯೋಗೆ ಬರೆದೆ, ನನ್ನ ಹೆಸರು ಹಾಕಿದೆ. ದಿನವಿಡೀ ನಿನ್ನ ಹೆಸರು ಹೊತ್ತು ತಿರುಗುವವಳು ಒಂದು ಸಲ ನಿನ್ನ ಮಾತಿಗೆ ನನ್ನ ಹೆಸರಿಟ್ಟೆ. ತಪ್ಪು ನನ್ನದೇ.

ನಿನಗೆ ಹೊಟ್ಟೆಕಿಚ್ಚು ಎಂದು ಬರೆದಿದ್ದೀಯ. ನನ್ನದನ್ನೂ ಕೇಳು. ಎರಡು ವರ್ಷದಿಂದ ಅವಳ ಉಗುರು ಕತ್ತರಿಸುವವಳು ನಾನು, ಹೇಲು ಉಚ್ಚೆ ಬಳಿಯುವವಳು ನಾನು. ಹರಸುವುದು ಮಾತ್ರ ನಿನ್ನನ್ನು. ನನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಒಂದು ದಿನ ತಡೆಯಲಾರದೆ, “ಅವ್ವಾ, ಥೋಂಗ್ಸಿ ಅಂತ ಒಬ್ಬಳಿದ್ದಳಲ್ಲ, ಅವಳು ಹೆಂಗೆ?” ಎಂದು ಕೇಳಿದೆ. ಅವಳು ಮೊರ ಪಕ್ಕಕ್ಕಿಟ್ಟು, “ಅವಳ ವಿಷಯ ನಿನ್ನ ಹತ್ರ ಮಾತಾಡಲ್ಲ” ಎಂದಳು. ಅಷ್ಟೇ. ಅವಳ ಮನಸ್ಸಿನಲ್ಲಿ ನನ್ನ ಬಗ್ಗೆ ಏನಿದೆ ಎಂದು ತಿಳಿಯದೆಯೇ ಅವಳು ಹೊರಟುಹೋಗುತ್ತಾಳೇನೋ ಅಂತ ನನಗೆ ಭಯ.

ಬಾ. ಬಂದು ನೀನು ನೀನಾಗು. ನಾನು ಪಕ್ಕಕ್ಕೆ ಸರಿಯುತ್ತೇನೆ.

ಥೋಂಗ್ಸಿ

•

ಥುಂಗ್ ಸೋಂಗ್
ಆಗಸ್ಟ್ ೯, ೧೯೮೪

ಸಿಯಾವ್ ಥೋಂಗ್ಸಿಗೆ,

ಸುಖವಾಗಿ ಬಂದು ಸೇರಿದೆ. ರೈಲಿನಲ್ಲಿ ಜಾಗ ಸಿಕ್ಕಿತು. ನೀನು ಕಟ್ಟಿಕೊಟ್ಟ ಸುಟ್ಟ ಕೋಳಿ ಎರಡು ಹೊತ್ತಿಗೆ ಬಂತು. ನನ್ನವರು ನಿನ್ನ ಕ್ಷೇಮ ಕೇಳಿದರು.

ಈ ಗಂಟಿನಲ್ಲಿ ಒಣ ಸೀಗಡಿ ಇದೆ. ಅವ್ವನಿಗೆ ನುಣ್ಣಗೆ ಕುಟ್ಟಿ ಕೊಡು, ಹಲ್ಲಿಗೆ ಸಿಗುವಂತೆ ಕೊಡಬೇಡ. ಇಲ್ಲಿ ಮಳೆ ಹಿಡಿದಿದೆ.

ಬೇರೆ ವಿಶೇಷವಿಲ್ಲ.

ಲಮುನ್

•

ಬಾನ್ ಸುವನ್ ಮೊನ್
ಸೆಪ್ಟೆಂಬರ್ ೨, ೧೯೮೪

ಸಿಯಾವ್ ಲಮುನ್‌ಗೆ,

ಸೀಗಡಿ ತಲುಪಿತು. ನಿನ್ನ ಕಾಗದ ಒಂದು ಉಸಿರಿನಷ್ಟಿತ್ತು. ನೀನು ಇಷ್ಟು ಮರ್ಯಾದೆಯಿಂದ ಬರೆದದ್ದು ನನಗೆ ಗೊತ್ತಿರುವಂತೆ ಇದೇ ಮೊದಲು, ನೀನು ಬೈದು ಬರೆದದ್ದೇ ವಾಸಿ.

ನಡೆದದ್ದನ್ನು ನಾವು ಒಬ್ಬರಿಗೊಬ್ಬರು ಆಡಿಕೊಳ್ಳಲೇ ಇಲ್ಲ. ನೀನು ಮೆಟ್ಟಿಲು ಹತ್ತಿ “ಅವ್ವಾ, ಲಮುನ್ ಬಂದೆ” ಎಂದೆ. ಅವ್ವ ನನ್ನ ಕಡೆ ತಿರುಗಿ, “ಲಮುನ್, ನೋಡೇ, ಥೋಂಗ್ಸಿ ಬಂದವಳೆ, ಚಾಪೆ ಹಾಕು” ಎಂದಳು. ನಿನ್ನ ಮುಖ ನೋಡಲಾರದೆ ನಾನು ಚಾಪೆ ಹಾಕಿದೆ. ಒಂಬತ್ತು ದಿನವೂ ನೀನು ಥೋಂಗ್ಸಿಯಾಗಿಯೇ ಇದ್ದೆ. ಎರಡು ವರ್ಷ ನಾನು ಕಾದ ಹೆಸರನ್ನು ಅವಳು ಒಂಬತ್ತು ದಿನ ಕೂಗಿದಳು. ಓಗೊಟ್ಟವಳು ನೀನು.

ನೀನು ಹೊರಡುವ ಹಿಂದಿನ ದಿನ ನಾನು ಸೊಪ್ಪಿಗೆ ಹೋಗಿದ್ದೆ. ವಾಪಸು ಬಂದಾಗ ನೀವಿಬ್ಬರೂ ಜಗಲಿಯಲ್ಲಿ ಕೂತಿದ್ದಿರಿ, ಅವ್ವ ನಿನ್ನ ಕೈ ಹಿಡಿದುಕೊಂಡಿದ್ದಳು. ಮನೆಯ ಕಂಬಗಳ ನಡುವೆ, ಕೆಳಗೆ ಮಗ್ಗದ ಹತ್ತಿರ ನಿಂತಾಗ ನನ್ನ ಹೆಸರು ಕೇಳಿಸಿತು, ಮಾತು ಕೇಳಿಸಲಿಲ್ಲ. ನಾನು ಮೇಲೆ ಬಂದಕೂಡಲೇ ಅವ್ವ ಸುಮ್ಮನಾದಳು. “ಏನಂತೆ?” ಎಂದು ಕೇಳಿದರೆ ನೀನು “ಹುಳದ ಮಾತು” ಎಂದೆ. ನಿನ್ನ ಕಣ್ಣು ಕೆಂಪಾಗಿತ್ತು. ಹುಳದ ಮಾತಿಗೆ ಯಾರು ಅಳುತ್ತಾರೆ?

ಫ್ಲಾಸ್ಕನ್ನು ನೀನು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದೆ. ಇರಲಿ, ಅದು ನಿನ್ನದೇ. ಅವಳು ಏನಂದಳು ಎಂಬುದನ್ನು ಮಾತ್ರ ಬರಿ. ಅದು ನನಗೆ ಅಂತ ಆಡಿದ ಮಾತು.

ಥೋಂಗ್ಸಿ

•

ಬಾನ್ ಸುವನ್ ಮೊನ್
ನವೆಂಬರ್ ೧೧, ೧೯೮೪

ಲಮುನ್,

ನೀನು ಉತ್ತರ ಬರೆಯಲಿಲ್ಲ. ಅಂಚೆಯವನನ್ನು ಮೂರು ಸಲ ಕೇಳಿದೆ.

ಅವ್ವ ಮಾತು ನಿಲ್ಲಿಸಿದ್ದಾಳೆ. ಭಿಕ್ಷುಗಳ ಮಳೆಗಾಲದ ವ್ರತ ಮುಗಿದ ಮಾರನೆಯ ದಿನದಿಂದ. ಪಟ್ಟಣದ ಡಾಕ್ಟರಿಗೆ ತೋರಿಸಿದೆ, ವಯಸ್ಸು ಎಂದರು. ಉಣ್ಣುತ್ತಾಳೆ, ಕಣ್ಣು ತಿರುಗಿಸಿ ನೋಡುತ್ತಾಳೆ, ಸೊಪ್ಪು ಮುಂದಿಟ್ಟರೆ ಕೈ ಹೆಚ್ಚುತ್ತದೆ. ಲಮುನ್ ಎಂದೂ ಕರೆಯುವುದಿಲ್ಲ, ಏನೆಂದೂ ಕರೆಯುವುದಿಲ್ಲ.

ಇನ್ನು ಅವಳನ್ನು ಕೇಳಿ ಪ್ರಯೋಜನವಿಲ್ಲ. ಇರುವುದು ನಿನ್ನ ಹತ್ತಿರ. ಕೆಟ್ಟ ಮಾತಾದರೂ ಸರಿ, ಬರಿ.

ಥೋಂಗ್ಸಿ

•

ಥುಂಗ್ ಸೋಂಗ್
ಡಿಸೆಂಬರ್ ೩, ೧೯೮೪

ಸಿಯಾವ್ ಥೋಂಗ್ಸಿಗೆ,

ಕೆಟ್ಟ ಮಾತಲ್ಲ. ಕೆಟ್ಟದ್ದಾಗಿದ್ದರೆ ಆಗಸ್ಟಿನಲ್ಲೇ ಬರೆದುಬಿಡುತ್ತಿದ್ದೆ, ನನ್ನನ್ನು ನೀನು ಬಲ್ಲೆ.

ಅವತ್ತು ನೀನು ಸೊಪ್ಪಿಗೆ ಹೋದಮೇಲೆ ಅವ್ವ ಕೆಳಗೆ ಬಗ್ಗಿ ನೋಡಿದಳು. “ಲಮುನ್ ಹೋದ್ಲಾ?” ಎಂದು ಕೇಳಿದಳು. ಎದುರಿಗೆ ಕೂತ ನಾನು “ಹೋದ್ಲು” ಎಂದೆ. ಆಮೇಲೆ ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತಿದ್ದೇನೆ. ನಾಲ್ಕು ತಿಂಗಳಿಂದ ಬೇರೇನೂ ನನ್ನ ತಲೆಯಲ್ಲಿಲ್ಲ.

“ಥೋಂಗ್ಸಿ, ಇಲ್ಲಿ ಬಾ, ಹತ್ರ ಕೂತ್ಕೊ. ನಿಂಗೊಂದು ಹೇಳ್ಬೇಕು. ಆ ವರ್ಷ ಹುಳ ಸತ್ತಿದ್ದು ಲಮುನ್‌ಗೋಸ್ಕರ ಅಲ್ಲ. ಅವಳನ್ನ ಹೆತ್ತು ಬೆಂಕಿ ಮಗ್ಗುಲಲ್ಲಿ ಐದೇ ದಿನ ಮಲಗಿದ್ದೆ. ಹೊಗೆ ತಾಗಬಾರದು ಅಂತ ಹುಳದ ತಟ್ಟೆನೆಲ್ಲ ನನ್ನ ತಂಗಿ ಮನೇಲಿಟ್ಟಿದ್ದೆ. ಐದು ದಿನ ಆದ್ಮೇಲೆ ಬೆಂಕಿ ಆರಿಸಿ ಹುಳನ ಮನೆಗೆ ತಂದೆ. ನಾಲ್ಕನೇ ಜ್ವರ ಎದ್ದಿದ್ವು, ಚೆನ್ನಾಗಿ ಸೊಪ್ಪು ತಿಂತಿದ್ವು. ಆರನೇ ದಿನ ನಿಮ್ಮಜ್ಜಿ ನಿನ್ನ ಬಟ್ಟೇಲಿ ಸುತ್ಕೊಂಡು ಬಂದ್ಲು. ನಿಮ್ಮವ್ವ ಆಗಲೇ ಹೋಗಿಬಿಟ್ಟಿದ್ಲು. ಇಬ್ಬರಿಗಾಗೋಷ್ಟು ಹಾಲು ನನಗಿರಲಿಲ್ಲ ಥೋಂಗ್ಸಿ. ಇನ್ನೆರಡು ವಾರ ಬೆಂಕಿ ಕಾಯಿಸ್ಕೊ, ಹಾಲಿಳಿಯುತ್ತೆ ಅಂದ್ಲು ನಿಮ್ಮಜ್ಜಿ. ಸಾವಿನ ಮನೆ ಮಗು ಬಂದೈತೆ, ಹುಳ ನಮ್ಮನೆಗೆ ಬೇಡ ಅಂದ್ಲು ನನ್ನ ತಂಗಿ. ಮತ್ತೆ ಬೆಂಕಿ ಹಾಕ್ಸಿದೆ. ಮೂರೇ ದಿನಕ್ಕೆ ಹುಳ ತಟ್ಟೆ ತುಂಬಾ ಕಪ್ಪಾಗಿ ಬಿದ್ವು. ನಿನಗೆ ಹಾಲು ಬಂತು.

“ಊರವರು ಕೇಳೋಕೆ ಬಂದ್ರು. ಲಮುನ್ ಹುಟ್ಟಿದ ಗಳಿಗೆ ಸರಿಯಿಲ್ಲ ಅಂದುಬಿಟ್ಟೆ. ನಿನ್ನಿಂದ ಅಂತ ಗೊತ್ತಾಗಿದ್ರೆ, ಹೆತ್ತೋಳನ್ನೂ ನುಂಗಿದ್ಲು, ಹುಳಾನೂ ನುಂಗಿದ್ಲು ಅಂತ ನಿನ್ನ ಯಾರೂ ಬಾಳಿಸ್ತಿರಲಿಲ್ಲ. ಅವಳಿಗೆ ನಾನಿದ್ದೆ, ತಡ್ಕೋತಾಳೆ ಅಂದ್ಕೊಂಡೆ. ಅವಳ ಹತ್ರ ಹೇಳ್ಬೇಡ ಥೋಂಗ್ಸಿ, ಹೊಟ್ಟೆಕಿಚ್ಚಿನವಳು. ನೀನು ಹಾಲು ಕುಡಿಯೋವಾಗ ಆ ಕಡೆಯಿಂದ ಒದೀತಿದ್ಲು. ಹುಳ ಸತ್ತಿದ್ದಕ್ಕೆ ನಾನು ಒಂದು ದಿನಾನೂ ಅತ್ತಿಲ್ಲ. ಥೋಂಗ್ಸಿ ಬದುಕಿದ್ಲಲ್ಲ.”

ಇಷ್ಟು. ಅಷ್ಟರಲ್ಲಿ ನೀನು ಬಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಎಮ್ಮೆ ನಾನು. ನಿನ್ನ ಮೇ ತಿಂಗಳ ಕಾಗದ ಬಂದಾಗ, ಅವ್ವ ನನಗಾಗಿ ರೇಷ್ಮೆ ಬಿಟ್ಟಳು ಎಂದು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ. ನನಗೇ ಅಂತ ಇದ್ದದ್ದು ಅದೊಂದು. ಅದೂ ನಿನ್ನದೇ ಆಯಿತು. ಅದಕ್ಕೇ ಬರೆಯಲಿಲ್ಲ. ನಾನು ಹೇಳದಿದ್ದರೆ ಅದು ನನ್ನದಾಗಿಯೇ ಉಳಿಯುತ್ತದೆ, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಅವ್ವನಿಗೆ ನೆನಪಿಲ್ಲ, ನಿನಗೆ ಗೊತ್ತಿಲ್ಲ.

ನವೆಂಬರಿನ ಕಾಗದ ಓದಿದ ಮೇಲೂ ಎರಡು ವಾರ ಸುಮ್ಮನಿದ್ದೆ. ಮೊನ್ನೆ ನನ್ನವರು ಡ್ಯೂಟಿಗೆ ಹೊರಟಾಗ ಫ್ಲಾಸ್ಕಿಗೆ ಕಾಫಿ ತುಂಬಿಸುತ್ತಾ, ಅದರ ಮೇಲೆ ಬರೆದದ್ದನ್ನು ನೋಡಿ, “ನಮ್ಮನೇಲಿ ಥೋಂಗ್ಸಿ ಯಾರೇ?” ಎಂದು ನಕ್ಕರು. ಒಂಬತ್ತು ದಿನ ನಾನೇ ಆಗಿದ್ದೆ ಎಂದು ಬಾಯಿಗೆ ಬಂತು, ಹೇಳಲಿಲ್ಲ. ಆ ಒಂಬತ್ತು ದಿನ ಅವ್ವ ಗೂಡು ಬೇಯಿಸಿದಾಗಲೆಲ್ಲ ಬಾಳೆಲೆಯಲ್ಲಿ ಹುಳವನ್ನು ಮೊದಲು ನನಗೆ ಹಾಕಿಕೊಟ್ಟಳು. ನಾನು ತಿಂದೆ. ನಿನ್ನ ಪಾಲು ಅಂತ ಗೊತ್ತಿದ್ದೇ ತಿಂದೆ.

ಫ್ಲಾಸ್ಕ್ ಈ ಗಂಟಿನಲ್ಲಿದೆ. ರೇಡಿಯೋದವರು ಓದಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನೀನು ಹುಟ್ಟಿದ ವರ್ಷವೇ ಹುಳ ಸತ್ತವು. ಅವ್ವ ಎಂದೇ ಬರಿ, ಪೆಂಗವ್ವ ಎಂದು ಬರೆದರೆ ನನಗೆ ಮತ್ತೆ ಸಿಟ್ಟು ಬರುತ್ತದೆ.

ಅವಳ ಪಕ್ಕದಲ್ಲಿ ಕೂತು ಇದನ್ನು ಗಟ್ಟಿಯಾಗಿ ಓದು. ನಾನು ಬರೆದದ್ದನ್ನೆಲ್ಲ ಬಿಡು, ಅವಳು ಹೇಳಿದ್ದಷ್ಟನ್ನು ಓದು. ಅವಳಿಗೆ ತಿಳಿಯುತ್ತದೋ ಇಲ್ಲವೋ, ನೀನಂತೂ ಕೇಳಿಸಿಕೊ. ನಿನ್ನ ಹೆಸರು ಅದರಲ್ಲಿ ನಾಲ್ಕು ಸಲ ಬರುತ್ತದೆ, ನನ್ನದು ಎರಡೇ ಸಲ. ಎಣಿಸಿದ್ದೇನೆ.

ನಿನಗಿಂತ ಆರು ದಿನ ದೊಡ್ಡವಳು,
ಲಮುನ್